ತಿಥಿ ಕಾರ್ಡಿಗೆ ನಾನೂರ ತೊಂಬತ್ತೊಂಬತ್ತು

ತಿಥಿ ಕಾರ್ಡು ಮಾಡುವ ಸಾಫ್ಟ್‌ವೇರ್ ಬರೆದು, ಅದನ್ನು ಹೊಸದುರ್ಗದಲ್ಲಿ ಕೂತು ಮಾರಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾರನ್ನೂ ದೂರಿ ಪ್ರಯೋಜನವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾನು ಕಂಪ್ಯೂಟರ್ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವನು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಆರು ವರ್ಷವಾದರೂ ಅತಿಥಿಯಾಗಿಯೇ ಉಳಿದೆ, ಬಿಟ್ಟೆ. ಆನ್‌ಲೈನ್ ಪಾಠದ ಕಾಲದಲ್ಲಿ ಮಕ್ಕಳಿಗೆಂದು ಕೊಂಡ ಲ್ಯಾಪ್‌ಟಾಪುಗಳು ಮನೆಮನೆಯಲ್ಲೂ ಮುಸುಕು ಹಾಕಿಕೊಂಡು ಕೂತಿದ್ದವು. ಅವಕ್ಕೊಂದು ಕೆಲಸ ಕೊಡಬೇಕೆಂದು ಯೋಚಿಸಿದೆ. ಮದುವೆ ಕಾರ್ಡಿಗೆ ಜನ ತಿಂಗಳುಗಟ್ಟಲೆ ಅಲೆಯುತ್ತಾರೆ, ಅವಸರವಿಲ್ಲ. ತಿಥಿ ಕಾರ್ಡಿಗೆ ಮೂರು ದಿನವೂ ಇರುವುದಿಲ್ಲ. ಪ್ರೆಸ್ಸಿನವನು ಸತ್ತವರ ಹೆಸರನ್ನೇ ತಪ್ಪಾಗಿ ಹಾಕಿರುತ್ತಾನೆ. ನನ್ನ ಸಾಫ್ಟ್‌ವೇರಿನಲ್ಲಿ ಹೆಸರು, ತಾರೀಕು, ಊರು, ದುಃಖತಪ್ತರ ಪಟ್ಟಿ ತುಂಬಿದರೆ ಮನೆಯಲ್ಲೇ ಕಾರ್ಡು ಅಚ್ಚಾಗುತ್ತದೆ, ಫೋನಿನಲ್ಲೂ ಕಳಿಸಬಹುದು.

ಮಾರುವ ವಿಧಾನವನ್ನು ಪುಸ್ತಕದಲ್ಲಿ ಓದಿದ್ದೆ. ಸಾಫ್ಟ್‌ವೇರನ್ನು ಮೊದಲು ಪುಕ್ಕಟೆ ಹಂಚಬೇಕು. ಜನ ಬಳಸಿ ನೋಡುತ್ತಾರೆ, ಮೆಚ್ಚುತ್ತಾರೆ, ಆಮೇಲೆ ತಾವಾಗಿಯೇ ದುಡ್ಡು ಕೊಡುತ್ತಾರೆ. ಇದು ಮನುಷ್ಯನ ಪ್ರಾಮಾಣಿಕತೆಯ ಮೇಲೆ ನಿಂತ ಪದ್ಧತಿ ಎಂದು ಬರೆದಿತ್ತು. ಬರೆದವನು ಹೊಸದುರ್ಗಕ್ಕೆ ಬಂದಿರಲಿಲ್ಲ. ಬೆಲೆ ಐನೂರು ಇಡಬೇಡಿ, ನಾನೂರ ತೊಂಬತ್ತೊಂಬತ್ತು ಇಡಿ, ಕಡಿಮೆ ಅನ್ನಿಸುತ್ತದೆ ಎಂದೂ ಇತ್ತು. ಹಾಗೇ ಇಟ್ಟೆ. ಕೇಳಿದವರೆಲ್ಲ, "ಅಂದ್ರೆ ಐನೂರು" ಎಂದರು.

ಹಿರಿಯೂರಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ಅಣ್ಣ ಇದನ್ನೆಲ್ಲ ಕೇಳಿ ಒಂದು ಪಂಥ ಕಟ್ಟಿದ. "ಯುಗಾದಿ ಒಳಗೆ ಪೂರ್ತಿ ರೇಟಿಗೆ ನಲವತ್ತು ಮಾರಪ್ಪ, ನಾನು ಬಾಯಿ ಬಿಡಲ್ಲ. ಆಗ್ಲಿಲ್ಲ ಅಂದ್ರೆ ಸುಮ್ನೆ ಬಂದು ಅಂಗಡೀಲಿ ಕುಂತ್ಕ. ಮೂಟೆ ಎಣಿಸಾಕೆ ಓದಿದೋರು ಬೇಕು." ಒಪ್ಪಿದೆ. ಮಾರನೆಯ ವಾರ ಫೋನು ಬಂತು. "ನಿನಗೆ ಅಂತ ಒಂದು ಕುರ್ಚಿ ತಗಂಡೀನಿ. ತಿರುಗತೈತೆ."

ಹಿರಿಯೂರಿಗೆ ಹೋಗಲು ನನಗಿಂತ ಹೆಚ್ಚಾಗಿ ನನ್ನ ಹೆಂಡತಿಗೆ ಇಷ್ಟವಿರಲಿಲ್ಲ. ಅಲ್ಲಿ ಅವಳ ಅತ್ತಿಗೆ ಇದ್ದಳು.

೧. ಹದಿನೈದು ದಿನ

ಮೊದಲ ಆವೃತ್ತಿಗೆ ಹದಿನೈದು ದಿನದ ಪುಕ್ಕಟೆ ಅವಧಿ ಇಟ್ಟೆ. ಪೆನ್‌ಡ್ರೈವ್ ಹಿಡಿದು ನಾನೇ ಮನೆಮನೆಗೆ ಹೋಗಿ ಹಾಕಿಕೊಟ್ಟೆ. ನನ್ನ ಹೆಸರು ಯಾರಿಗೂ ಬೇಕಾಗಲಿಲ್ಲ, "ಕಾರ್ಡು ಮೇಷ್ಟ್ರು" ಎಂದು ಕರೆದರು. ಮೂರು ತಿಂಗಳಲ್ಲಿ ಅರವತ್ತು ಮನೆಯಲ್ಲಿ ಕೆಲಸ ಮಾಡಿತು. ಒಬ್ಬರೂ ದುಡ್ಡು ಕೊಡಲಿಲ್ಲ.

ಯಾಕೆಂದು ವಿಚಾರಿಸಲು ಪೇಟೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಗೆ ಹೋದೆ. ಅವರ ತಾಯಿ ತೀರಿಕೊಂಡಾಗ ಮುನ್ನೂರು ಕಾರ್ಡು ಅಚ್ಚಾಗಿದ್ದವು.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಕಾರ್ಡು ಬಾಳ ಚೆನ್ನಾಗಿ ಬಂದಿದ್ವು. ಜನ ಎಲ್ಲಾ ಕೇಳಿದ್ರು."

"ಹದಿನೈದು ದಿನ ಆದಮೇಲೆ ದುಡ್ಡು ಕೊಡಬೇಕು ಅಂತ ಬಂದಿರಬೇಕಲ್ಲ?"

"ಹದಿನೈದು ದಿನ ಯಾಕೆ ಬೇಕ್ರಿ? ಹನ್ನೊಂದಕ್ಕೆ ಕಾರ್ಯ ಮುಗೀತು. ಹನ್ನೆರಡಕ್ಕೆ ಅಳಿಸಿ ಹಾಕಿದ್ವಿ. ಅಂಥಾದ್ದನ್ನ ಮನೇಲಿ ಇಟ್ಕಬಾರ್ದಂತೆ."

ಹನ್ನೊಂದು ದಿನದ ಕೆಲಸಕ್ಕೆ ಹದಿನೈದು ದಿನ ಪುಕ್ಕಟೆ ಕೊಟ್ಟ ಲೆಕ್ಕಾಚಾರ ನನ್ನದು. ಎಂ.ಎಸ್ಸಿ.ಯಲ್ಲಿ ಗಣಿತ ಐಚ್ಛಿಕವಾಗಿತ್ತು, ನಾನು ತೆಗೆದುಕೊಂಡಿರಲಿಲ್ಲ. ಎದ್ದು ಹೊರಟೆ.

"ಮೇಷ್ಟ್ರೇ, ಒಂದ್ ನಿಮಿಷ. ಲ್ಯಾಪ್‌ಟಾಪು ಹತ್ತಾಂಗಿಲ್ಲ. ಸೂತಕ ಕಳೀಬೇಕಲ್ಲ, ಮನೆಗೆಲ್ಲ ಗಂಜಲ ಚಿಮುಕಿಸಿದ್ವಿ. ನಿಮ್ದು ಅದರೊಳಗಿತ್ತಲ್ಲ, ಅದಕ್ಕೆ ಒಂದು ಚೊಂಬು ಜಾಸ್ತಿ ಹಾಕಿದ್ವಿ."

ನೋಡಿದೆ. ಕೀಬೋರ್ಡು ಸತ್ತಿತ್ತು. ಅದರ ಖರ್ಚನ್ನು ನಾನು ಅರ್ಧ ಕೊಡಬೇಕೆಂಬುದು ಅವರ ಅಭಿಪ್ರಾಯವಾಗಿತ್ತು.

೨. ಮೊದಲನೆಯದು ಪುಕ್ಕಟೆ

ದಿನದ ಲೆಕ್ಕ ಬಿಟ್ಟು ಕಾರ್ಡಿನ ಲೆಕ್ಕ ಹಿಡಿದೆ. ಒಂದು ಮನೆಯಲ್ಲಿ ಮೊದಲ ಸಾವಿನ ಕಾರ್ಡು ಪುಕ್ಕಟೆ. ಎರಡನೆಯ ಹೆಸರು ಹಾಕುವಾಗ ದುಡ್ಡು. ಅರ್ಥಶಾಸ್ತ್ರದ ಪ್ರಕಾರ ಇದರಲ್ಲಿ ಯಾವ ದೋಷವೂ ಇಲ್ಲ.

ಹೊಳಲ್ಕೆರೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಅಣ್ಣನ ತಿಥಿಗೆ ಇದನ್ನು ಹಾಕಿಸಿಕೊಂಡರು. ಕಾರ್ಡು ಬಂತು. ಕೊನೆಗೆ ಪರದೆಯ ಮೇಲೆ ಬಂದ ಸೂಚನೆಯನ್ನು ಅವರು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. "ನಿಮ್ಮ ಮೊದಲನೆಯದು ಪುಕ್ಕಟೆ. ಎರಡನೆಯದಕ್ಕೆ ನಾನೂರ ತೊಂಬತ್ತೊಂಬತ್ತು ರೂಪಾಯಿ. ಅಗತ್ಯ ಬಿದ್ದಾಗ ತೊಂದರೆಯಾಗದಂತೆ ಈಗಲೇ ಪಾವತಿಸಿ."

ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಈ ಮನೇಲಿ ಈಗ ಇರೋದು ಇಬ್ರೇ. ನಾನು, ನನ್ನ ಹೆಂಡ್ತಿ. ಎರಡನೇದು ಯಾರು ಅಂತ ನೀವೇ ಹೇಳ್ರಿ."

ನಾನು ಸೂಚನೆಯ ಭಾಷೆ ಬದಲಿಸುವುದಾಗಿ ಹೇಳಿದೆ.

"ಭಾಷೆ ಸರಿಯಾಗೈತೆ. ವ್ಯಾಕರಣ ತಪ್ಪಿಲ್ಲ. ನನಗೆ ಬೇಕಾಗಿರೋದು ಉತ್ತರ."

ಒಳಗಿನಿಂದ ಅವರ ಪತ್ನಿಯ ಧ್ವನಿ ಬಂತು. ಒಗ್ಗರಣೆಯ ಸದ್ದಿನ ನಡುವೆಯೂ ಎಲ್ಲ ಕೇಳಿಸಿಕೊಂಡಿದ್ದರು. "ಯಾರ್ದಾದ್ರೂ ಆಗ್ಲಿ ಬಿಡ್ರಿ. ಈಗ್ಲೇ ಕೊಟ್ಟುಬಿಡ್ರಿ. ಆಮೇಲೆ ರೇಟು ಜಾಸ್ತಿ ಮಾಡ್ತಾರೆ."

ಅವರು ಕೊಟ್ಟರು. ನನ್ನ ಮೊದಲ ಮಾರಾಟ. ಬಾಗಿಲವರೆಗೆ ಬಂದು ಬೀಳ್ಕೊಟ್ಟ ಹೆಡ್‌ಮಾಸ್ಟರು ಪಿಸುಮಾತಿನಲ್ಲಿ ಕೇಳಿದರು: "ಎರಡನೇದು ನಾನೇ ಆದ್ರೆ, ಇದನ್ನ ಒತ್ತಾಕೆ ಅವಳಿಗೆ ಬರಲ್ಲ. ನೀವು ಬರ್ತೀರಾ?"

೩. ಟವಲ್ಲಿನ ಕೆಳಗೆ

ಹಿರಿಯೂರು ಕಡೆಯ ಒಬ್ಬ ಕುರಿ ವ್ಯಾಪಾರಿ ತಾನಾಗಿಯೇ ಫೋನು ಮಾಡಿದ. "ನಮ್ಮ ಪೈಕಿ ನೂರಿಪ್ಪತ್ತು ಮನೆ ಅವೆ ಮೇಷ್ಟ್ರೇ. ವರ್ಷಕ್ಕೆ ನಾಕೈದು ಹೋಗ್ತವೆ. ಮಗಳ ಹತ್ರ ಲ್ಯಾಪ್‌ಟಾಪ್ ಐತೆ. ಸಂತೆಗೆ ಬರ್ರಿ, ಮಾತಾಡಾಣ." ಇಂಥ ಗಿರಾಕಿಯನ್ನು ಪುಸ್ತಕದವನೂ ಕಂಡಿರಲಾರ. ಹೋದೆ.

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದು ಮೇಲೊಂದು ಟವಲ್ ಹಾಕುತ್ತಾರೆ. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ನನಗೂ ಗೊತ್ತಾಗದೆ ಹೋಗಬಹುದು ಎಂಬುದು ಆಗ ಹೊಳೆಯಲಿಲ್ಲ.

ಅವನು ಹೆಗಲ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ನನ್ನ ಮೂರು ಬೆರಳು ಹಿಡಿದು ಮುಖ ನೋಡಿದ. ಮುನ್ನೂರು ಎಂದುಕೊಂಡೆ. ಪೂರ್ತಿ ಬೆಲೆ ಅಲ್ಲ, ಆದ್ದರಿಂದ ನಲವತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ನೂರಿಪ್ಪತ್ತು ಮನೆಗೆ ಸುದ್ದಿ ಮುಟ್ಟುತ್ತದೆ. ತಲೆಯಾಡಿಸಿದೆ. ಅವನು ಟವಲ್ ಕೊಡವಿ, "ಮುಗೀತು" ಎಂದು ಕೂಗಿದ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದವನೊಬ್ಬ, ನಿಂತದ್ದಕ್ಕೆ ದಲ್ಲಾಳಿ ದುಡ್ಡು ಕೇಳಿದ.

ಕೈಗೆ ಬಂದದ್ದು ಮೂರು ಹತ್ತರ ನೋಟು.

"ಮೂರು ಅಂದ್ರೆ ಮುನ್ನೂರಲ್ವೇನಪ್ಪ?" ಎಂದೆ.

"ಮುನ್ನೂರಾ? ಏನ್ ಮಾತು ಅಂತ ಆಡ್ತೀರಿ. ತೂಕ ಇಲ್ಲ, ಉಣ್ಣೆ ಇಲ್ಲ, ಬಾಯಿ ಬಿಡಿಸಿ ಹಲ್ಲು ನೋಡಾಣ ಅಂದ್ರೆ ಹಲ್ಲೂ ಇಲ್ಲ. ಹಿಂಗಿದ್ದಿದ್ದಕ್ಕೆ ಮೂವತ್ತು ಕೊಟ್ಟಿದ್ದು ನಮ್ಮೋರಿಗೆ ಗೊತ್ತಾದ್ರೆ ನಗ್ತಾರೆ. ಯಾರಿಗೂ ಹೇಳಬ್ಯಾಡ್ರಿ."

ಅದರಲ್ಲಿ ಹತ್ತನ್ನು ದಲ್ಲಾಳಿ ತೆಗೆದುಕೊಂಡ.

೪. ಬೀಗ

ಇಷ್ಟಾದ ಮೇಲೆ ಪ್ರಾಮಾಣಿಕತೆಯ ಪದ್ಧತಿಯನ್ನು ಕೈಬಿಟ್ಟು ಬೀಗ ಹಾಕಿದೆ. ಹೊಸ ಆವೃತ್ತಿಯಲ್ಲಿ ಎಲ್ಲವೂ ಪುಕ್ಕಟೆ. ಸತ್ತವರ ಫೋಟೋ ಮಾತ್ರ ದುಡ್ಡು ಕೊಟ್ಟ ಮೇಲೆ. ಅಲ್ಲಿಯವರೆಗೆ ಆ ಜಾಗದಲ್ಲಿ ಮಾದರಿಗೆಂದು ಹಾಕಿದ ಫೋಟೋ ಕೂತಿರುತ್ತದೆ. ಬೇರೆ ಯಾರದೋ ಮುಖ ಇರುವ ತಿಥಿ ಕಾರ್ಡನ್ನು ಯಾರು ತಾನೇ ಹಂಚುತ್ತಾರೆ?

ಮಾದರಿಗೆ ಒಂದು ಫೋಟೋ ಬೇಕಿತ್ತು. ತಿಥಿ ಕಾರ್ಡಿಗೆ ಎಂದ ಕೂಡಲೇ ಯಾರೂ ಕೊಡಲಿಲ್ಲ. ಹೆಂಡತಿಯನ್ನು ಕೇಳಿದೆ. ಎರಡು ದಿನ ಮಾತಾಡಲಿಲ್ಲ. ಕೊನೆಗೆ ಪದವಿಯ ಕಾಲದ ನನ್ನದೇ ಪಾಸ್‌ಪೋರ್ಟ್ ಫೋಟೋ ಹಾಕಿದೆ. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ.

ಬೀಗ ಕೆಲಸ ಮಾಡಿತು. ನಾಲ್ಕು ತಿಂಗಳಲ್ಲಿ ಹನ್ನೊಂದು ಜನ ದುಡ್ಡು ಕೊಟ್ಟರು. ಹೆಡ್‌ಮಾಸ್ಟರು ಸೇರಿ ಹನ್ನೆರಡು. ಚಿತ್ರದುರ್ಗದ ಒಬ್ಬ ಗುಮಾಸ್ತರು ಮಾತ್ರ ಕೊಡಲಿಲ್ಲ. ಆದರೂ ಅವರ ಅಜ್ಜಿಯ ಕಾರ್ಡು ಅಜ್ಜಿಯ ಫೋಟೋ ಸಮೇತ ಊರಲ್ಲೆಲ್ಲ ಹಂಚಲ್ಪಟ್ಟಿತು. ಬೀಗ ಒಡೆದವರು ಯಾರೆಂದು ಕೇಳಲು ಹೋದೆ.

ನಡುಮನೆಯಲ್ಲಿ ಕತ್ತರಿಗಳು, ಪತ್ರಿಕೆಯ ಹಾಳೆಗಳು ಇನ್ನೂ ಬಿದ್ದಿದ್ದವು. ಅವರು ಸ್ಟುಡಿಯೋದಲ್ಲಿ ಅಜ್ಜಿಯ ಫೋಟೋವನ್ನು ಇನ್ನೂರೈವತ್ತು ಪ್ರತಿ ಮಾಡಿಸಿದ್ದರು. ಮನೆಯವರೆಲ್ಲ ಸುತ್ತ ಕೂತು ಒಂದೊಂದನ್ನೇ ಕತ್ತರಿಸಿ ನನ್ನ ಮುಖದ ಮೇಲೆ ಅಂಟಿಸಿದ್ದರು.

"ಫೋಟೋಕ್ಕೆ ಎಷ್ಟು ಖರ್ಚಾಯ್ತು ಸಾರ್?"

"ಒಂದೂವರೆ ಸಾವಿರ ಹೋತು."

"ನನಗೆ ಐನೂರು ಕೊಟ್ಟಿದ್ರೆ ಆಗಿತ್ತಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಸಾಫ್ಟ್‌ವೇರಿಗೆಲ್ಲ ಯಾರಾದ್ರೂ ದುಡ್ಡು ಕೊಡ್ತಾರೇನ್ರಿ? ಆದ್ರೂ ಬಾಳ ಚೆನ್ನಾಗೈತೆ ನಿಮ್ದು. ಗೋಂದು ಒಂದು ಎರಡು ಬಾಟ್ಲಿ ಬೇಕಾಗತೈತೆ, ಅಷ್ಟೆ."

೫. ತಾತನ ಹರೆಯ

ಯುಗಾದಿಗೆ ಎರಡು ವಾರ ಉಳಿದಿತ್ತು. ಲೆಕ್ಕ ಹನ್ನೆರಡರಲ್ಲೇ ನಿಂತಿತ್ತು. ಹಿರಿಯೂರಿನಿಂದ ಕುರ್ಚಿಯ ಫೋಟೋ ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ.

ಆಗ ಹೊಸದುರ್ಗದ ಪಕ್ಕದ ಹಳ್ಳಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮುಂದಿನದನ್ನು ಅವರ ಮೊಮ್ಮಗನೇ ಆಮೇಲೆ ಹೇಳಿದ. ಅವರದೊಂದು ಫೋಟೋ ಆಧಾರ್ ಕಾರ್ಡಿನಲ್ಲಿ ಬಿಟ್ಟರೆ ಬೇರೆ ಇರಲಿಲ್ಲ. ಆಧಾರಿನದನ್ನು ನೋಡಿದರೆ ಅವರಿಗೇ ಗುರುತು ಸಿಗುತ್ತಿರಲಿಲ್ಲ. ಮೊಮ್ಮಗ ಎಲ್ಲಿಂದಲೋ ನನ್ನ ಸಾಫ್ಟ್‌ವೇರಿನ ಪ್ರತಿ ತಂದು ತಾತನ ಹೆಸರು, ಊರು ತುಂಬಿದ. ಒತ್ತಿದ. ಕಾರ್ಡು ಬಂತು, ಅದರಲ್ಲಿ ಫೋಟೋವೂ ಬಂತು. ಮನೆಯವರೆಲ್ಲ ಸೇರಿದರು.

"ಇದ್ಯಾರೋ?"

"ತಾತನೇ ಇರಬೇಕು. ಈಗ ಕಂಪ್ಯೂಟರು ವಯಸ್ಸು ಕಮ್ಮಿ ಮಾಡತೈತಲ್ಲ. ಫೋನಾಗೆ ನೋಡಿಲ್ವಾ?"

ಹಿರಿಯ ಮಗಳು ಹತ್ತಿರ ಬಂದು ನೋಡಿದಳು. "ಮೂಗು ಅಪ್ಪಂದೇ ಕಣ್ರೋ."

ಒಬ್ಬಿಬ್ಬರಿಗೆ ಅನುಮಾನವಿತ್ತು. ಅಜ್ಜಿಯನ್ನು ಕೈ ಹಿಡಿದು ಕರೆತಂದರು. ಅವಳು ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಲಗ್ನದಾಗೆ ಹಿಂಗೇ ಇದ್ರು. ಕನ್ನಡಕ ಒಂದು ಇರ್ಲಿಲ್ಲ."

"ಅದು ಕಂಪ್ಯೂಟರು ಹಾಕೈತೆ ಅಜ್ಜಿ."

"ಆಗ್ಲೇ ಹಾಕಿಸಿದ್ರೆ ಚೆನ್ನಾಗಿರ್ತಿತ್ತು. ನನ್ನ ನೋಡಾಕೆ ಬಂದಾಗ ನಮ್ಮ ಅಕ್ಕನ್ನ ನೋಡಿ ಒಪ್ಕೊಂಡಿದ್ರು."

ಅಜ್ಜಿ ಒಪ್ಪಿದ ಮೇಲೆ ಎದುರಾಡುವವರು ಯಾರು? ಮುನ್ನೂರು ಕಾರ್ಡು ಹಂಚಿದರು. ಫೋನಿನಲ್ಲಿ ಎಷ್ಟು ಜನರಿಗೆ ಹೋಯಿತೋ ಲೆಕ್ಕವಿಲ್ಲ. ನನ್ನ ಮುಖ, ಸುತ್ತ ಹೂವಿನ ಅಂಚು, ಕೆಳಗೆ "ಚಿರಶಾಂತಿ ಕೋರಬೇಕಾಗಿ ವಿನಂತಿ." ಮೊದಲ ಆವೃತ್ತಿ ಹಾಕಿಸಿಕೊಂಡ ಅರವತ್ತು ಮನೆಯವರಿಗೆ ನನ್ನ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ಅಜ್ಜಿಯ ಮನೆಯವರು ದುಡ್ಡು ಕೊಡಲಿಲ್ಲ. ಫೋಟೋ ಬದಲಿಸುವ ಅಗತ್ಯವೇ ಬೀಳಲಿಲ್ಲವಲ್ಲ.

೬. ಹನ್ನೊಂದು ದಿನ

ಮೊದಲು ಬಂದವನು ಕೀಬೋರ್ಡಿಗೆ ಗಂಜಲ ಹಾಕಿದ ಕೊಬ್ಬರಿ ವ್ಯಾಪಾರಿ. ನಾನು ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತ ನನ್ನ ಹೆಂಡತಿಯ ಕೈಗೆ ಒಂದು ಕವರು ಕೊಟ್ಟು ತಲೆ ತಗ್ಗಿಸಿದ. "ತಗಳ್ರಿ ಅಕ್ಕ. ಐನೂರು ಐತೆ. ಹೋದೋರ ಋಣ ಇಟ್ಕಬಾರ್ದು. ಕೀಬೋರ್ಡಿನ ವಿಷ್ಯ ಮನಸ್ಸಿನಾಗೆ ಇಟ್ಕಬ್ಯಾಡ್ರಿ."

ಅಷ್ಟರಲ್ಲಿ ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದೆ.

ಅವನು ನನ್ನನ್ನು ನೋಡಿದ. ಗಾಬರಿಯಾಗಲಿಲ್ಲ. ವ್ಯಾಪಾರಿ. "ಓ, ಅದೀರಾ?" ಎಂದ. ಕವರನ್ನು ಮೆಲ್ಲಗೆ ಹೆಂಡತಿಯ ಕೈಯಿಂದ ತೆಗೆದು ಜೇಬಿಗಿಟ್ಟ. "ಹಂಗಾರೆ ಅರ್ಜೆಂಟ್ ಏನಿಲ್ಲ ಬಿಡ್ರಿ."

ಅವನು ಗೇಟು ದಾಟಿದ್ದನ್ನು ಹೆಂಡತಿ ನೋಡಿದಳು. ಆಮೇಲೆ ಒಂದೇ ಮಾತು ಹೇಳಿದಳು. "ಏನ್ರಿ, ಒಳಗೆ ಹೋಗ್ರಿ. ಹನ್ನೊಂದು ದಿನ ಹೊರಗೆ ಬರಬ್ಯಾಡ್ರಿ."

ಇದು ಸುಳ್ಳು ಹೇಳಿದಂತಾಗುತ್ತದೆ ಎಂದೆ. ತಾನೊಂದೂ ಸುಳ್ಳು ಹೇಳುವುದಿಲ್ಲ ಎಂದಳು. ಹೇಳಲಿಲ್ಲ.

ಮಾರನೆಯ ದಿನದಿಂದ ಜನ ಬರತೊಡಗಿದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಬಂದವರಿಗೆ ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದಳು. "ಅವರಿಗೇನೂ ಆಗಿಲ್ಲ. ಒಳಗೇ ಅದಾರೆ, ಊಟ ಮಾಡ್ತಾ ಅದಾರೆ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಳುತ್ತಿದ್ದರು. "ಧೈರ್ಯ ತಗಳಮ್ಮ. ಮೊದಮೊದಲು ಹಿಂಗೇ ಅನ್ಸತೈತೆ." ಅವಳ ಕೈಗೆ ಕವರು ತುರುಕಿ ಹೋಗುತ್ತಿದ್ದರು. ಒಬ್ಬಾಕೆ ನನ್ನ ಹೆಂಡತಿಗೆ ನಿದ್ದೆ ಬರುವ ಔಷಧಿಯ ಹೆಸರನ್ನೂ ಬರೆದುಕೊಟ್ಟಳು.

ನಾನು ಬದುಕಿದ್ದೇನೆಂದು ಆ ಕೊಬ್ಬರಿ ವ್ಯಾಪಾರಿ ಪೇಟೆಯಲ್ಲೆಲ್ಲ ಹೇಳಿದ. ಯಾರೂ ನಂಬಲಿಲ್ಲ. ಐನೂರು ರೂಪಾಯಿ ಉಳಿಸಲು ಎಂಥ ಮಾತಾಡುತ್ತಾನೆ ನೋಡು ಎಂದು ಉಗಿದರು.

ಐದನೆಯ ದಿನ ಕುರಿ ವ್ಯಾಪಾರಿ ಬಂದ. ಟವಲ್ ಹೆಗಲ ಮೇಲಿರಲಿಲ್ಲ, ಕೈಯಲ್ಲಿತ್ತು. ನಾನೂರ ಎಪ್ಪತ್ತು ಎಣಿಸಿ ಕಟ್ಟೆಯ ಮೇಲಿಟ್ಟ. "ಮೂವತ್ತು ಆವಾಗ್ಲೇ ಕೊಟ್ಟೀನಿ. ಅವರು ಮುನ್ನೂರು ಅಂದ್ಕಂಡಿದ್ದು ನನಗೆ ಕೈ ಹಿಡಿದಾಗ್ಲೇ ಗೊತ್ತಾಗಿತ್ತಮ್ಮ. ಬೆರಳು ಮೆತ್ತಗಿದ್ವು. ಓದಿದೋರ ಬೆರಳು." ಬಾಗಿಲ ಹಿಂದೆ ನಿಂತು ನಾನು ನನ್ನ ಬೆರಳು ನೋಡಿಕೊಂಡೆ. ಹೇಳಿದ್ದು ನಿಜ.

ಹೊಳಲ್ಕೆರೆಯ ಹೆಡ್‌ಮಾಸ್ಟರು ಬಂದು, "ನಾನು ಅವರಿದ್ದಾಗಲೇ ಕೊಟ್ಟಿದ್ದೆ, ನೆನಪಿರಲಿ" ಎಂದು ಹೇಳಿ, ರಸೀದಿ ತೋರಿಸಿ, ಕಾಫಿ ಕುಡಿಯದೆ ಹೋದರು.

ಹತ್ತನೆಯ ದಿನ ಸಂಜೆ ಲೆಕ್ಕ ಹಾಕಿದೆವು. ಮೂವತ್ತೊಂಬತ್ತು. ಒಂದು ಕಡಿಮೆ. ಹನ್ನೊಂದು ಮುಗಿದರೆ ಋಣದ ಭಯವೂ ಮುಗಿಯುತ್ತದೆ, ಆಮೇಲೆ ಒಬ್ಬರೂ ಬರುವುದಿಲ್ಲ. ಹೆಂಡತಿ ಗೋಡೆಗೆ ಒರಗಿ ಕೂತಳು. ಅತ್ತಿಗೆಯ ಮುಖ ಅವಳ ಕಣ್ಣೆದುರು ಬಂದಿರಬೇಕು.

ಸುದ್ದಿ ಹಿರಿಯೂರಿನ ಸಿಮೆಂಟ್ ಅಂಗಡಿಯನ್ನು ಮುಟ್ಟಿದ್ದು ಅವತ್ತೇ. ಯಾರೋ ಗಿರಾಕಿ ಹೇಳಿದನಂತೆ. ಫೋನು ಬಂತು. ಹೆಂಡತಿ ಅಣ್ಣನಿಗೂ ನಿಜವನ್ನೇ ಹೇಳಿದಳು. "ಇಲ್ಲಣ್ಣ, ಚೆನ್ನಾಗಿ ಅದಾರೆ. ಒಳಗೆ ಕುಂತು ಕಡ್ಲೆಕಾಯಿ ತಿಂತಾ ಅದಾರೆ." ಆ ಕಡೆಯಿಂದ ಗಂಡಸು ಗೋಳೋ ಎಂದು ಅಳುವ ಸದ್ದು ಕೇಳಿಸಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಬಂದ. ತಂಗಿಯನ್ನು ಹಿಡಿದುಕೊಂಡು ಅತ್ತ. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಹೊಗಳಿದ. "ಎಂಥಾ ಬುದ್ಧಿ ಇತ್ತು ಅವನಿಗೆ. ನಾನು ಮೂಟೆ ಎಣಿಸು ಅಂದೆ. ಆ ಕುರ್ಚಿ ಹಂಗೇ ಉಳೀತಲ್ಲೇ ಅಮ್ಮಯ್ಯ." ಬಾಗಿಲ ಹಿಂದೆ ನಾನು ಅಗಿಯುವುದನ್ನು ನಿಲ್ಲಿಸಿದೆ.

ಆಮೇಲೆ ಅವನು ಕಣ್ಣೊರೆಸಿಕೊಂಡು, ಅತ್ತಿತ್ತ ನೋಡಿ, ಜೇಬಿಗೆ ಕೈ ಹಾಕಿದ. "ನಿನಗೆ ಹೇಳಿರ್ಲಿಲ್ಲ. ನಮ್ಮ ಮಾವನೋರ ತಿಥಿಗೆ ನಾನೂ ಅದನ್ನೇ ಬಳಸಿದ್ದೆ. ಪುಕ್ಕಟೆ. ಅವನಿಗೆ ಗೊತ್ತಾಗಬಾರ್ದು ಅಂತ ಕಾರ್ಡು ಕಳಿಸಿರ್ಲಿಲ್ಲ. ತಗ, ಐನೂರು ಐತೆ. ಋಣ ತೀರ್ಲಿ."

ಹೆಂಡತಿ ನೋಟು ತೆಗೆದುಕೊಂಡು ಮಡಿಚಿ ರವಿಕೆಯೊಳಗಿಟ್ಟಳು. ಅಲ್ಲಿಂದ ಅದನ್ನು ವಾಪಸು ಕೇಳಲು ಯಾವ ಅಣ್ಣನಿಗೂ ಆಗುವುದಿಲ್ಲ. ಕೊಬ್ಬರಿ ವ್ಯಾಪಾರಿ ಕಲಿಸಿದ ಪಾಠ ಅದು.

ನಲವತ್ತು. ನಾನು ತಟ್ಟೆ ಕೆಳಗಿಟ್ಟು, ಕಪಾಟಿನ ಮೇಲಿದ್ದ ಚಿಲ್ಲರೆ ಡಬ್ಬಿಯಿಂದ ಒಂದು ನಾಣ್ಯ ತೆಗೆದುಕೊಂಡು ಹೊರಗೆ ಬಂದೆ.

"ಭಾವ, ನಾನೂರ ತೊಂಬತ್ತೊಂಬತ್ತು" ಎಂದು ಅವನ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟೆ.

ಅವನು ನಿಂತಲ್ಲೇ ಕುಸಿದ. ಚೊಂಬಿನಲ್ಲಿ ನೀರು ತಂದು ಮುಖಕ್ಕೆ ಚಿಮುಕಿಸಿದೆವು. ಐದು ನಿಮಿಷ ಬೇಕಾಯಿತು. ಕಣ್ಣು ಬಿಟ್ಟವನು ನನ್ನನ್ನು ನೋಡಲಿಲ್ಲ, ತಂಗಿಯನ್ನೂ ನೋಡಲಿಲ್ಲ. ಮೊದಲು ಮುಷ್ಟಿ ಬಿಡಿಸಿ ನೋಡಿದ. ರೂಪಾಯಿ ಅಲ್ಲೇ ಇತ್ತು. ಜೇಬಿಗೆ ಹಾಕಿಕೊಂಡ.